ತಿಳಿಸಿದರೆ ಸಾಕು ಎಂಬ ಕಾಲಮ್ಮಿನ ದೇವದಾಸ್

ಗೋದಾಮಿಗೆ ಹೊಸ ಸಾಫ್ಟ್‌ವೇರ್ ತರಿಸಲು ದುಡ್ಡು ಕೊಡುವವನು ಅದನ್ನು ಮುಟ್ಟುವುದಿಲ್ಲ. ಅದು ಹೇಗಿರಬೇಕೆಂದು ಹೇಳುವವನೂ ಮುಟ್ಟುವುದಿಲ್ಲ. ದಿನವಿಡೀ ಮುಟ್ಟುವವನನ್ನು ಯಾರೂ ಕೇಳುವುದಿಲ್ಲ. ಇದು ನಿಮಗೆ ಗೊತ್ತಿಲ್ಲದ ಸಂಗತಿಯೇನೂ ಅಲ್ಲ. ನಿಮ್ಮ ಬ್ಯಾಂಕಿನಲ್ಲಿ, ನಿಮ್ಮ ಆಸ್ಪತ್ರೆಯಲ್ಲಿ, ನಿಮ್ಮದೇ ಸೊಸೈಟಿಯ ಗೇಟಿನಲ್ಲಿ ದಿನವೂ ನೋಡುತ್ತೀರಿ. ನೋಡಿ, ಲಿಫ್ಟಿನ ಗುಂಡಿ ಒತ್ತಿ ಮೇಲೆ ಹೋಗುತ್ತೀರಿ.

ಡೊಂಬಿವಲಿಯ ದೇವದಾಸ್ ಕರ್ಕೇರನಿಗೆ ಇದು ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಅವನು ಬಾಯಿ ಮುಚ್ಚಿ ಕೂತ. ಹೆದರಿ ಅಲ್ಲ, ಸೋಮಾರಿತನದಿಂದಲೂ ಅಲ್ಲ. ಹೊಟ್ಟೆಕಿಚ್ಚಿನಿಂದ.

ದೇವದಾಸ್ ಮೂಲ್ಕಿ ಕಡೆಯವನು. ಎಳೆಯ ವಯಸ್ಸಿನಲ್ಲೇ ಥಾಣೆ ಸ್ಟೇಷನ್ ಹತ್ತಿರದ ಸೋದರಮಾವನ ಹೋಟೆಲಿಗೆ ಬಂದು, ಕಪ್ಪುಬಸಿ ತೊಳೆದು, ಟೇಬಲ್ ಒರೆಸಿ, ಸಪ್ಲೈ ಮಾಡಿ, ಕೊನೆಗೆ ಗಲ್ಲಾದ ಮೇಲೆ ಕೂತವನು. ರಾತ್ರಿ ಶಾಲೆಯಲ್ಲಿ ಮೆಟ್ರಿಕ್ ಮುಗಿಸಿದ. ಗಲ್ಲಾದಲ್ಲಿ ಬಿಲ್ಲಿನ ಕಂಪ್ಯೂಟರ್ ಬಂದಾಗ ಮಾವ ಅದರ ಹತ್ತಿರ ಹೋಗಲು ಹೆದರಿದರು, ಇವನು ಹೆದರಲಿಲ್ಲ. ಅಲ್ಲಿಂದ ಹಾರ್ಡ್‌ವೇರ್ ಕೋರ್ಸು, ಅಲ್ಲಿಂದ ಸಣ್ಣಪುಟ್ಟ ಕಂಪನಿ, ಅಲ್ಲಿಂದ ಐರೋಲಿಯ ಗಾಜಿನ ಕಟ್ಟಡದ ದೊಡ್ಡ ಕಂಪನಿ. ಅಲ್ಲಿ ಅವನು ಸರ್ವಿಸ್ ಡೆಸ್ಕಿನ ಮುಖ್ಯಸ್ಥ. ಬೇರೆ ಬೇರೆ ಕಂಪನಿಗಳ ಕಂಪ್ಯೂಟರ್ ವ್ಯವಸ್ಥೆಯನ್ನು ಐರೋಲಿಯವರು ಗುತ್ತಿಗೆಗೆ ನಡೆಸಿಕೊಡುತ್ತಾರೆ. ಅದರಲ್ಲಿ ಏನೇ ಕೈಕೊಟ್ಟರೂ ಮೊದಲ ಫೋನ್ ಬರುವುದು ಈ ಡೆಸ್ಕಿಗೆ, ಮೊದಲ ಬೈಗುಳ ಬೀಳುವುದೂ ಈ ಡೆಸ್ಕಿನವರಿಗೆ.

ಪ್ರೇಕ್ಷಾ ಶೆಟ್ಟಿ ಆ ಡೆಸ್ಕಿಗೆ ಹೊಸದಾಗಿ ಸೇರಿದಾಗ ಅವಳಿಗೆ ಕೆಲಸ ಕಲಿಸಿದವನು ಇವನೇ. ಘೋಡಬಂದರ್ ರಸ್ತೆಯ ಎತ್ತರದ ಕಟ್ಟಡದ ಹುಡುಗಿ, ಅಪ್ಪನದು ಹೋಟೆಲ್ ವ್ಯಾಪಾರ. ತುಳು, ಕನ್ನಡ ಎರಡೂ ಅರ್ಥವಾಗುತ್ತಿದ್ದವು, ಉತ್ತರ ಮಾತ್ರ ಹಿಂದಿ ಬೆರೆಸಿ. ಕಂಪನಿಯ ತರಬೇತಿ ಕೋರ್ಸಿನ ಪುಸ್ತಕ ಹಿಡಿದು ಬಂದು ಒಂದು ದಿನ ಕ್ಯಾಂಟೀನಿನಲ್ಲಿ ತಲೆ ಚಚ್ಚಿಕೊಂಡಳು.

"ದೇವಣ್ಣ, ಯೇ ಸ್ಪಾನ್ಸರ್, ಕಸ್ಟಮರ್, ಯೂಸರ್, ಮೂರೂ ಏಕ್ ಹೀ ತೋ ಹೈ ನಾ? ಯಾಕೆ ಮೂರು ಹೆಸರು?"

ದೇವದಾಸ್ ಎದುರಿನ ಇಡ್ಲಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ಮದುವೆ ಊಟ ನೋಡಿದ್ದೀಯಲ್ಲ? ದುಡ್ಡು ಬಿಚ್ಚುವವ ಹುಡುಗಿಯ ಅಪ್ಪ. ಅವ ಸ್ಪಾನ್ಸರ್. ಗಸಿ ಬೇಕಾ, ಸುಕ್ಕ ಬೇಕಾ, ಎಷ್ಟು ಪಂಕ್ತಿ, ಎಲ್ಲಾ ಹೇಳುವವ ದೊಡ್ಡಪ್ಪ. ಅವ ಕಸ್ಟಮರ್. ಎಲೆ ಮುಂದೆ ಕೂತವರು ಯೂಸರ್. ಈಗ ಹೇಳು, ಸಾರಿಗೆ ಉಪ್ಪು ಜಾಸ್ತಿ ಬಿದ್ದದ್ದು ಮೊದಲು ಯಾರಿಗೆ ಗೊತ್ತಾಗ್ತದೆ?"

"ಖಾನೇವಾಲೋಂಕೋ."

"ಅವರು ಯಾರ ಹತ್ರ ಹೇಳ್ತಾರೆ?"

ಪ್ರೇಕ್ಷಾ ಯೋಚಿಸಿದಳು. "ಕಿಸೀ ಕೋ ನಹೀಂ. ಮನೆಗೆ ಹೋಗಿ ಹೇಳ್ತಾರೆ."

"ಹಾಂ. ಹುಡುಗಿಯ ಅಪ್ಪ ಉಣ್ಣುವುದು ಎಲ್ಲರದ್ದೂ ಆದ ಮೇಲೆ. ಅಷ್ಟೊತ್ತಿಗೆ ಸಾರು ಖಾಲಿ. ಊಟ ಫಸ್ಟ್ ಕ್ಲಾಸ್ ಅಂತ ಅಡುಗೆಯವನ ಬೆನ್ನು ತಟ್ಟಿ ದುಡ್ಡು ಕೊಟ್ಟು ಕಳಿಸ್ತಾನೆ. ನಮ್ಮ ಲೈನಿನಲ್ಲಿ ಎಲ್ಲಾ ಲಫಡಾ ಆಗುವುದು ಇಲ್ಲೇ."

ಹುಡುಗಿ ಬಿದ್ದು ಬಿದ್ದು ನಕ್ಕಳು. ದೇವದಾಸನಿಗೆ ಅಂದು ಊಟ ಮಾಡದೆಯೇ ಹೊಟ್ಟೆ ತುಂಬಿತು.

ಆ ಮಳೆಗಾಲದಲ್ಲಿ ಅವನು ಭಿವಂಡಿಗೆ ಹೋಗಬೇಕಾಯಿತು. ಅಲ್ಲಿಯ ಒಂದು ಗೋದಾಮು ಐರೋಲಿ ಕಂಪನಿಯ ದೊಡ್ಡ ಗಿರಾಕಿ. ಡಬ್ಬಗಳ ಮೇಲಿನ ಗೆರೆಗಳನ್ನು ಓದುವ ಕೈಯಂತ್ರಗಳು, ಅಂದರೆ ಸ್ಕ್ಯಾನರ್‌ಗಳು, ಸಾಲಾಗಿ ಕೆಟ್ಟಿದ್ದವು. ಹಮಾಲರು ಲಾರಿಯಿಂದ ಇಳಿಸುವ ಪ್ರತಿ ಡಬ್ಬವನ್ನೂ ಅದರಿಂದ ಓದಿಸಬೇಕು. ಅವರ ದಿನದ ಹಾಜರಿಯೂ ಅದರಲ್ಲೇ ಬೀಳುತ್ತದೆ. ತಗಡಿನ ಮಾಡಿನ ಮೇಲೆ ಮಳೆ ಬೋರಿಡುತ್ತಿದ್ದಾಗ ಅವನ ಬೆನ್ನ ಹಿಂದೆ ಯಾರೋ ಕನ್ನಡದಲ್ಲಿ ಬೈದುಕೊಂಡರು. ತಿರುಗಿ ಮಾತಾಡಿಸಿದ.

"ಕನ್ನಡದವ್ರು ಅದೀರೇನ್ರಿ ಸಾಹೇಬ್ರ!" ಎಂದು ಕೈಯಂತ್ರವನ್ನು ಡಬ್ಬದ ಮೇಲಿಟ್ಟು ನಿಂತವನು ಮಾಪಣ್ಣ. ಕಲಬುರಗಿ ಕಡೆಯವನು, ಗುತ್ತಿಗೆದಾರನ ಗ್ಯಾಂಗಿನಲ್ಲಿ ಹಮಾಲಿ. ಹೆಂಡತಿ ಚಂದ್ರಬಾಯಿ ಅದೇ ಗೋದಾಮಿನ ಪ್ಯಾಕಿಂಗ್ ಸಾಲಿನಲ್ಲಿದ್ದಳು. ಇಬ್ಬರೂ ಕಲ್ಯಾಣ್ ಆಚೆಯ ಒಂದು ಚಾಳಿನಲ್ಲಿದ್ದರು. ಚಹಾದ ಹೊತ್ತಿಗೆ ದೇವದಾಸ್ ತನ್ನ ಫೋನ್ ತೆಗೆದು ನೋಡುತ್ತಿದ್ದಾಗ ಮಾಪಣ್ಣ ಅದನ್ನೇ ದಿಟ್ಟಿಸಿದ.

"ನಿಮಗ ಬಿಡ್ತಾರ್ರಿ. ನಮ್ದು ಗೇಟಿನ್ಯಾಗ ಇಟ್ಟು ಬರ್ಬೇಕು. ಫೋಟೋ ತೆಗೀತೀವಂತ, ಸಾಮಾನ ಕದೀತೀವಂತ. ಹ್ವಾದ ವಾರ ಮಗಳಿಗಿ ಜ್ವರ ಏರಿ ಬಾಜೂ ಮನಿಯವ್ರು ದವಾಖಾನಿಗಿ ಒಯ್ದಾರ, ಫೋನ್ ಅಲ್ಲಿ ಹೊಡ್ಕೋಲತ್ತದ, ನಾ ಇಲ್ಲಿ ಡಬ್ಬಿ ಎತ್ತಲತ್ತೀನಿ. ಸಂಜಿಗಿ ಗೇಟಿಗಿ ಹೋದ ಮ್ಯಾಲೆ ಗೊತ್ತಾತು."

"ಮ್ಯಾನೇಜರಿಗೆ ಹೇಳಲಿಲ್ವಾ?"

"ಅವ್ರ ಫೋನ್ ಅವ್ರ ಕಿಸೇದಾಗೇ ಇರ್ತದ್ರಿ. ಅವ್ರಿಗ್ಯಾಕ ನೆಪ್ಪಾಗ್ತದ?"

ಚಂದ್ರಬಾಯಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ, "ನೀವು ದೊಡ್ಡವ್ರ ಸಂಗಟ ಕುಂಡ್ರಾವ್ರು. ಒಂದೀಟು ಮ್ಯಾಲೆ ಹೇಳ್ರಿ" ಎಂದಳು. ದೇವದಾಸ್ ತಲೆಯಾಡಿಸಿದ. ತನ್ನ ನಂಬರನ್ನೂ ಕೊಟ್ಟ. ನಂಬರು ಕೊಡುವುದು ಸುಲಭ.

ಐರೋಲಿಗೆ ಮರಳಿದ ಮೇಲೆ ಅದನ್ನು ಹೇಳುವ ಮನಸ್ಸು ಅವನಿಗಿತ್ತು. ಆದರೆ ಹೇಳುವ ಮೊದಲು ಇನ್ನೊಂದು ನಡೆಯಿತು.

ಗೋದಾಮಿನ ದೊಡ್ಡವರು ಐರೋಲಿಗೆ ಬಂದಿದ್ದರು. ಕಾನ್ಫರೆನ್ಸ್ ರೂಮಿನಲ್ಲಿ ತಣ್ಣಗೆ ಎ.ಸಿ., ಉದ್ದನೆಯ ಮೇಜು, ಗೋಡೆಯ ಮೇಲೆ ಪರದೆ. ಪ್ರೇಕ್ಷಾ ಎದ್ದು ನಿಂತಳು. ಪರದೆಯ ಮೇಲೆ ಬಾಳೆ ಎಲೆಯ ಚಿತ್ರ ಬಂತು. ಹುಡುಗಿಯ ಅಪ್ಪ, ದೊಡ್ಡಪ್ಪ, ಪಂಕ್ತಿ, ಉಪ್ಪು. ಎಲ್ಲ ಇಂಗ್ಲಿಷಿನಲ್ಲಿ, ಎಲ್ಲ ನಗೆಯ ಜಾಗದಲ್ಲೇ ನಗೆ. ಗಿರಾಕಿಗಳು ಮೇಜು ತಟ್ಟಿದರು. ಆ ಗಿರಾಕಿಯ ಕೆಲಸಕ್ಕೆಲ್ಲ ಐರೋಲಿಯ ಕಡೆಯ ಯಜಮಾನ ರಾಜ್ವಾಡೆ, "ಹೀಗೆ ವಿವರಿಸಿದ್ದನ್ನು ನಾನು ಈವರೆಗೆ ಕೇಳಿಲ್ಲ" ಎಂದು ಎದ್ದು ನಿಂತು ಚಪ್ಪಾಳೆ ಹೊಡೆದರು. ದೇವದಾಸ್ ಕೊನೆಯ ಕುರ್ಚಿಯಲ್ಲಿದ್ದ. ತನ್ನ ಮಾತು ತನ್ನೆದುರೇ ಇನ್ನೊಬ್ಬರ ಬಾಯಿಂದ ಬರುವುದನ್ನು ಕೇಳುತ್ತ ಕೂತ. ನನ್ನ ಹೆಸರು ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ಕಾದ. ಹೇಳಲಿಲ್ಲ. ಮರೆತಿರಬಹುದು. ಅಷ್ಟು ಚಪ್ಪಾಳೆಯಲ್ಲಿ ಯಾರಿಗೆ ತಾನೆ ನೆನಪಿರುತ್ತದೆ? ಆದರೆ ಯಾರ ಹೆಸರು ಮರೆತುಹೋಯಿತೋ ಅವನಿಗೆ ಆ ಲೆಕ್ಕ ಬೇಡ.

ಮುಂದಿನ ತಿಂಗಳು ಪ್ರೇಕ್ಷಾ ಆ ಗೋದಾಮಿನ ಕೆಲಸಕ್ಕೆ ಸರ್ವಿಸ್ ಓನರ್ ಆದಳು. ಆ ಸೇವೆಯ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಅವಳೇ ಜವಾಬುದಾರಳು. ಆ ಕುರ್ಚಿಯ ಮೇಲೆ ದೇವದಾಸ್ ಕಣ್ಣಿಟ್ಟು ವರ್ಷಗಳಾಗಿದ್ದವು. ಅವಳು ಬಂದ ಕೂಡಲೇ ಯಾರ ಯಾರ ಪಾತ್ರವೇನು ಎಂಬ ಹೊಸ ಪಟ್ಟಿಕೆ ಗೋಡೆಗೆ ಬಂತು. ಅದರಲ್ಲಿ ನಾಲ್ಕು ಕಾಲಂ. ಕೆಲಸ ಮಾಡುವವರು ಒಂದರಲ್ಲಿ, ಜವಾಬು ಕೊಡುವವರು ಇನ್ನೊಂದರಲ್ಲಿ. ಮೂರನೆಯದು ಮೊದಲೇ ಕೇಳಬೇಕಾದವರದು, ಕೊನೆಯದು ಆಮೇಲೆ ತಿಳಿಸಿದರೆ ಸಾಕು ಎನ್ನುವವರದು. ಹಳೆಯ ಪಟ್ಟಿಕೆಯಲ್ಲಿ ಕೇಳಬೇಕಾದವರ ಕಾಲಮ್ಮಿನಲ್ಲಿದ್ದ ದೇವದಾಸನ ಹೆಸರು ಈಗ ಕೊನೆಯ ಕಾಲಮ್ಮಿಗೆ ಇಳಿದಿತ್ತು. ಕೇಳಬೇಕಾದವರು ಬಹಳವಾದರೆ ಕೆಲಸ ನಿಧಾನವಾಗುತ್ತದೆ ಎಂದು ರಾಜ್ವಾಡೆ ಅಂದಿದ್ದರಂತೆ. ಮಾಪಣ್ಣನಂಥವರ ಹೆಸರು ಯಾವ ಕಾಲಮ್ಮಿನಲ್ಲೂ ಇರಲಿಲ್ಲ. ಅದು ದೇವದಾಸನ ಕಣ್ಣಿಗೂ ಬೀಳಲಿಲ್ಲ. ಅವನು ನೋಡಿದ್ದು ತನ್ನ ಹೆಸರನ್ನು, ಮತ್ತು ಅವಳ ಹೆಸರನ್ನು.

ಹೊಟ್ಟೆಕಿಚ್ಚು ಎಂದರೆ ಬೆಂಕಿ ಎನ್ನುತ್ತಾರೆ. ಸುಳ್ಳು. ಅದು ಹಲ್ಲಿನ ಸಂದಿಯಲ್ಲಿ ಸಿಕ್ಕಿದ ಅಡಿಕೆ ಚೂರು. ನಾಲಿಗೆ ಬೇರೆ ಕೆಲಸ ಬಿಟ್ಟು ಅಲ್ಲಿಗೇ ಹೋಗುತ್ತದೆ. ಬೆಳಿಗ್ಗೆ ಡೊಂಬಿವಲಿಯ ಲೋಕಲ್ಲಿನಲ್ಲಿ ಮೂವರು ಕೂತ ಸೀಟಿನ ತುದಿಯಲ್ಲಿ ಅರ್ಧ ಕುಂಡೆ ಊರಿ ನಾಲ್ಕನೆಯವನಾಗಿ ಕೂತು, ಥಾಣೆಯಲ್ಲಿ ಇಳಿದು ಐರೋಲಿಯ ಗಾಡಿ ಹಿಡಿಯಲು ಜನರ ಬೆನ್ನಿಗೆ ಬೆನ್ನು ಕೊಟ್ಟು ನೂಕುವಾಗ, ದೇವದಾಸನಿಗೆ ಕಾಣುತ್ತಿದ್ದುದು ಪ್ರೇಕ್ಷಾಳ ಬಿಳಿ ಕಾರು. ಅವಳ ಕುರ್ಚಿ ಕಿಟಕಿಯ ಪಕ್ಕ, ಸಮುದ್ರದ ಖಾಡಿಯ ನೀರು ಕಾಣುವ ಕಡೆ. ಇವನದು ಪ್ರಿಂಟರಿನ ಪಕ್ಕ. ಮೊದಲು ದೇವಣ್ಣ ಎನ್ನುತ್ತಿದ್ದವಳು ಮೀಟಿಂಗಿನಲ್ಲಿ ಬರೀ ದೇವದಾಸ್ ಎನ್ನತೊಡಗಿದಳು. ಅದು ಆ ಆಫೀಸಿನ ಪದ್ಧತಿ, ರಾಜ್ವಾಡೆಯನ್ನೂ ಅಲ್ಲಿ ಹೆಸರು ಹಿಡಿದೇ ಕರೆಯುತ್ತಾರೆ. ಆದರೂ ಪ್ರತಿ ಸಲ ಆ ಅಣ್ಣ ಬಿದ್ದುಹೋದ ಸದ್ದು ಇವನಿಗೆ ಕೇಳುತ್ತಿತ್ತು.

ಸಾಲದ್ದಕ್ಕೆ ತುಳು ಕನ್ನಡಿಗರ ಸಂಘದವರು ವಾರ್ಷಿಕ ಸಭೆಯಲ್ಲಿ ಅವಳಿಗೆ ಸನ್ಮಾನ ಇಟ್ಟುಕೊಂಡರು. ಶಾಲು, ಪೇಟ, ಹಣ್ಣಿನ ಬುಟ್ಟಿ. ದೇವದಾಸ್ ಆ ಸಂಘದ ಹಳೆಯ ಕಾರ್ಯಕರ್ತ, ಊಟದ ಉಸ್ತುವಾರಿ ಅವನದೇ. ಸಾರಿನ ಬಕೆಟ್ಟು ಹಿಡಿದು ಸಭಾಂಗಣದ ಬಾಗಿಲಲ್ಲಿ ನಿಂತು ಅವನು ಅವಳ ಭಾಷಣ ಕೇಳಿದ. ಮನೆಗೆ ಹೋಗುವ ರಿಕ್ಷಾದಲ್ಲಿ ಹೆಂಡತಿ ಬಾಗಿ ಸುಮ್ಮನಿರಲಿಲ್ಲ.

"ಎಷ್ಟು ಚೆಂದ ಮಾತಾಡ್ತದೆ ಆ ಹುಡುಗಿ! ನೀವೇ ಕಲಿಸಿದ್ದು ಅಂತೀರಿ. ಹಾಗೆ ಮಾತಾಡ್ಲಿಕ್ಕೆ ನಿಮಗ್ಯಾಕೆ ಬರ್ಲಿಲ್ಲ ಮಾರಾಯ್ರೆ?"

"ಬರ್ತದೆ. ಮೈಕ್ ಕೊಡುವವರಿಲ್ಲ."

"ಮೈಕ್ ಕೊಟ್ರೆ ಎಂತ ಹೇಳ್ತಿದ್ರಿ? ಇನ್ನೂ ಸ್ವಲ್ಪ ಸಾರು ಬೇಕಾ ಅಂತ?"

ಬಾಗಿ ತಮಾಷೆಗೆ ಅಂದದ್ದು. ರಿಕ್ಷಾದವನಿಗೆ ಕನ್ನಡ ಬಾರದಿದ್ದದ್ದು ಪುಣ್ಯ. ಆ ದಿನ ದೇವದಾಸ್ ಅಂದುಕೊಂಡ, ಒಂದು ದಿನ ಪ್ರೇಕ್ಷಾ ಎಡವಬೇಕು. ನಾನು ತಳ್ಳುವುದಿಲ್ಲ. ಆದರೆ ಎಡವುವಾಗ ಕೈಯನ್ನೂ ಕೊಡುವುದಿಲ್ಲ.

ಆ ದಿನ ತಾನಾಗಿಯೇ ಬಂತು. ಗೋದಾಮಿನಲ್ಲಿ ಒಬ್ಬನ ಹೆಸರಿನಲ್ಲಿ ಇನ್ನೊಬ್ಬ ಸ್ಕ್ಯಾನರ್ ಬಳಸುತ್ತಾನೆ, ಯಾವ ಡಬ್ಬ ಯಾರು ಕೆಡವಿದರು ತಿಳಿಯುವುದಿಲ್ಲ ಎಂದು ಅಲ್ಲಿನ ಮ್ಯಾನೇಜರ್ ದೂರಿದ. ಅದಕ್ಕೆ ಪ್ರೇಕ್ಷಾಳ ತಂಡ ಪರಿಹಾರ ಕಂಡುಹಿಡಿಯಿತು. ಸೋಮವಾರದಿಂದ ಪ್ರತಿ ಹಮಾಲನೂ ಸ್ಕ್ಯಾನರ್ ಎತ್ತಿದ ಕೂಡಲೇ ಅವನ ಫೋನಿಗೆ ಒಂದು ಓಟಿಪಿ ಬರುತ್ತದೆ. ಆ ಅಂಕಿಗಳನ್ನು ಒತ್ತಿದರೆ ಮಾತ್ರ ಯಂತ್ರ ತೆರೆದುಕೊಳ್ಳುತ್ತದೆ. ಗೋದಾಮಿನ ಆಫೀಸ್ ಕೋಣೆಯಲ್ಲಿ ಮ್ಯಾನೇಜರ್ ಮತ್ತು ಸೂಪರ್‌ವೈಜರ್‌ಗಳ ಫೋನಿನಲ್ಲಿ ಪರೀಕ್ಷೆ ಮಾಡಿದರು. ಎಲ್ಲರಿಗೂ ಅಂಕಿ ಬಂತು, ಎಲ್ಲರ ಯಂತ್ರ ತೆರೆಯಿತು. ಪರೀಕ್ಷೆ ಪಾಸ್.

ಈ ವಿಷಯ ಮೇಲ್‌ನಲ್ಲಿ ಬಂದಾಗ ದೇವದಾಸ್ ಓದಿ, ಇನ್ನೊಮ್ಮೆ ಓದಿದ. ಫೋನ್ ಗೇಟಿನಲ್ಲಿ, ಸ್ಕ್ಯಾನರ್ ಒಳಗೆ. ಸೋಮವಾರ ಒಬ್ಬ ಹಮಾಲನೂ ಒಳಗೆ ಕೆಲಸ ಶುರುಮಾಡಲಾರ. ಗೊತ್ತಿರುವವನು ಆ ಕಟ್ಟಡದಲ್ಲಿ ತಾನೊಬ್ಬನೇ. ಮೈಯಲ್ಲಿ ಒಂದು ತೆಳ್ಳನೆಯ ಖುಷಿ ಹರಿದಾಡಿತು.

ಶುಕ್ರವಾರ ಸಂಜೆ ಪ್ರೇಕ್ಷಾ ಪ್ರಿಂಟರಿನ ಪಕ್ಕಕ್ಕೆ ಬಂದಳು. ಕೈಯಲ್ಲಿ ಎರಡು ಚಹಾ.

"ದೇವಣ್ಣ, ಪಟ್ಟಿಯಲ್ಲಿ ನಿಮ್ಮನ್ನು ಕೇಳಬೇಕು ಅಂತ ಇಲ್ಲ. ಮಗರ್ ಆಪ್ ಭಿವಂಡಿ ಹೋಕೆ ಆಯೇ ಹೋ. ಸೋಮವಾರದ್ದು ಠೀಕ್ ಹೈ ನಾ? ಕುಛ್ ರಹ್ ತೋ ನಹೀಂ ಗಯಾ?"

ಅವಳು ಕೇಳಿದ್ದಳು. ಕಾಲಂ ದಾಟಿ, ಮೇಜು ದಾಟಿ ಬಂದು, ಅಣ್ಣ ಎಂದು ಕರೆದು ಕೇಳಿದ್ದಳು. ಹೇಳಲು ಅರ್ಧ ನಿಮಿಷ ಸಾಕಿತ್ತು. ದೇವದಾಸ್ ಅವಳ ಕೊರಳಲ್ಲಿದ್ದ ಹೊಸ ಕಾರ್ಡಿನ ಮೇಲಿನ ಹುದ್ದೆಯನ್ನು ಓದಿದ. ಚಹಾ ತೆಗೆದುಕೊಂಡ.

"ಎಂತ ಇಲ್ಲ. ಎಲ್ಲಾ ಸರಿಯುಂಟು" ಎಂದ.

ಸೋಮವಾರ ಬೆಳಿಗ್ಗೆ ಅವನು ಎಂದಿಗಿಂತ ಮುಂಚಿನ ಗಾಡಿ ಹಿಡಿದ. ಕೂದಲಿಗೆ ಎಣ್ಣೆ ಹಚ್ಚಿ ಬಾಚಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ. ಡೆಸ್ಕಿನ ಫೋನುಗಳು ಈಗ ಒಟ್ಟಿಗೆ ಬಡಿದುಕೊಳ್ಳುತ್ತವೆ, ಪರದೆ ಕೆಂಪಾಗುತ್ತದೆ, ರಾಜ್ವಾಡೆ ಓಡಿ ಬರುತ್ತಾರೆ, ಖಾಡಿ ಕಾಣುವ ಕಿಟಕಿಯ ಬದಿಯಲ್ಲಿ ಒಂದು ಮುಖ ಬಿಳಿಚಿಕೊಳ್ಳುತ್ತದೆ. ಅವನು ಕಾದ.

ಫೋನು ಬರಲೇ ಇಲ್ಲ. ಪರದೆ ಹಸಿರಾಗಿಯೇ ಇತ್ತು.

ಯಾಕೆಂದರೆ ಡೆಸ್ಕಿಗೆ ಫೋನ್ ಮಾಡುವ ಹಕ್ಕು ಗೋದಾಮಿನ ಸೂಪರ್‌ವೈಜರ್‌ಗಳಿಗೆ ಮಾತ್ರ. ಹಮಾಲನ ಹೆಸರು ನೋಂದಾಯಿತ ಕರೆಗಾರರಲ್ಲಿ ಇಲ್ಲ. ತೊಂದರೆ ಆದವನಿಗೆ ದೂರಲು ದಾರಿಯಿಲ್ಲ, ದೂರಬಲ್ಲವನಿಗೆ ತೊಂದರೆ ಆಗಿಲ್ಲ. ವರ್ಷಗಟ್ಟಲೆ ಆ ಡೆಸ್ಕನ್ನು ನಡೆಸಿದ ದೇವದಾಸನಿಗೆ ಅದು ಅಂದು ಹೊಸದಾಗಿ ಹೊಳೆಯಿತು. ಹೊಳೆದಾಗಲೂ ಅವನಿಗೆ ಆದದ್ದು ನಿರಾಸೆ. ನೋಟ ತಪ್ಪಿತಲ್ಲ ಎಂದು.

ಮಧ್ಯಾಹ್ನದ ಹೊತ್ತಿಗೆ ಲಾರಿಗಳು ಹೆದ್ದಾರಿವರೆಗೆ ಸಾಲುಗಟ್ಟಿದಾಗ ಮ್ಯಾನೇಜರ್ ಸೀದಾ ಪ್ರೇಕ್ಷಾಳಿಗೇ ಫೋನ್ ಮಾಡಿದ. ಅವಳು ಕಾರಣ ಹುಡುಕುತ್ತ ಕೂರಲಿಲ್ಲ. ಬದಲಾವಣೆಯನ್ನು ಹಿಂತೆಗೆಸಿದಳು, ಹಳೆಯ ಲಾಗಿನ್ ಮರಳಿ ಕೊಟ್ಟಳು, ಸಂಜೆಯೊಳಗೆ ಲಾರಿಗಳು ಹೊರಟವು. ಗೋದಾಮಿನಿಂದ ಮೇಲ್ ಬಂತು. ಇಷ್ಟು ಬೇಗ ಸರಿಪಡಿಸಿದ ನಾಯಕತ್ವಕ್ಕೆ ಧನ್ಯವಾದ. ರಾಜ್ವಾಡೆ ಅದನ್ನು ಇಡೀ ಆಫೀಸಿಗೆ ಕಳಿಸಿದರು. ಜನ ಅವಳ ಕುರ್ಚಿಯ ಸುತ್ತ ನಿಂತು ಚಪ್ಪಾಳೆ ಹೊಡೆದರು, ಯಾರೋ ಕೇಕ್ ತರಿಸಿದರು. ಎಡವಿದರೂ ಅವಳಿಗೆ ಹಾರ. ದೇವದಾಸ್ ಕೇಕಿನ ತುಂಡನ್ನು ಪೇಪರ್ ತಟ್ಟೆಯಲ್ಲಿ ಹಿಡಿದು, ತಿನ್ನಲೂ ಆಗದೆ ಬಿಸಾಡಲೂ ಆಗದೆ ನಿಂತಿದ್ದಾಗ ಅವನ ಫೋನ್ ಹೊಡೆದುಕೊಂಡಿತು.

"ಸಾಹೇಬ್ರ, ನಾ ಮಾಪಣ್ಣರಿ. ಗೇಟ್ ಪಾಸ್ ಕಸಗೊಂಡಾರ್ರಿ."

"ಯಾರು? ಯಾಕೆ?"

"ಮಿಷನ್ ನಂಬರ್ ಕೇಳ್ತು. ನಂಬರ್ ಫೋನಿನ್ಯಾಗ ಬಂದದ, ಫೋನ್ ಗೇಟಿನ್ಯಾಗದ. ಸೂಪರ್‌ವೈಜರ್ ಅಂದ, ಲಾಗಿನ್ ಆಗಲಿಲ್ಲಂದ್ರ ಹಾಜರಿ ಇಲ್ಲ, ಏನಾದ್ರ ಮಾಡ್ಕೋರಿ ಅಂದ. ನಾ ಗೇಟಿಗಿ ಓಡಿ ಹೋಗಿ ಫೋನ್ ಅಂಗಿ ಒಳಗ ಮುಚ್ಚಿಟ್ಗೊಂಡು ತಂದೆ. ಸೆಕ್ಯೂರಿಟಿಯವ್ರು ಹಿಡಿದ್ರು. ಕಳ್ಳ ಅಂದ್ರು. ಪಾಸ್ ಕಸಗೊಂಡು ಹೊರಗ ಹಾಕ್ಯಾರ. ಇನ್ಯಾವ ಗೋದಾಮಿನ್ಯಾಗೂ ತಗೊಳಂಗಿಲ್ಲ ಅಂತಾನ ಗುತ್ತಿಗೆದಾರ."

ದೇವದಾಸ್ ಏನೋ ಹೇಳಲು ಹೊರಟ. ಅಷ್ಟರಲ್ಲಿ ಫೋನ್ ಕೈ ಬದಲಾಯಿತು.

"ನಾ ಚಂದ್ರಬಾಯಿ ಮಾತಾಡ್ಲತ್ತೀನ್ರಿ. ಫೋನಿಂದು ನಿಮಗ ಮಳಿಗಾಲದಾಗೇ ಹೇಳಿದ್ವಿ. ನೀವು ಮ್ಯಾಲೆ ಹೇಳಿರ್ತೀರಿ, ಅಲ್ಲಿ ದೊಡ್ಡವ್ರು ಕೇಳಿರಂಗಿಲ್ಲ ಅಂತ ನಮ್ಮನಿಯಾವ ಅಂತಾನ. ನೀವು ಹೇಳೀರೇನ್ರಿ? ಅಷ್ಟು ಒಂದು ಹೇಳ್ರಿ. ಹೌದಂದ್ರ ಅವ್ರಿಗಿ ಬೈತೀನಿ, ಇಲ್ಲಂದ್ರ ನಿಮಗ ಬೈತೀನಿ."

"ನೋಡ್ತೇನೆ ತಂಗಿ, ನೋಡ್ತೇನೆ" ಎಂದು ಅವನು ಫೋನ್ ಇಟ್ಟ. ಕೇಕಿನ ತಟ್ಟೆ ಕೈಯಲ್ಲೇ ಇತ್ತು.

ಗುರುವಾರ ವಿಮರ್ಶೆಯ ಮೀಟಿಂಗು. ಏನಾಯಿತು, ಯಾಕಾಯಿತು, ಇನ್ನು ಹಾಗಾಗದಿರಲು ಏನು ಮಾಡಬೇಕು ಎಂದು ಎಲ್ಲರೂ ಕೂತು ಬರೆಯುವ ಪದ್ಧತಿ. ಗೋದಾಮಿನ ಮ್ಯಾನೇಜರ್ ಭಿವಂಡಿಯಿಂದ ಪರದೆಯ ಮೇಲೆ ಬಂದಿದ್ದ. ದೇವದಾಸನನ್ನು ಕರೆದದ್ದು ಕೇಳಿಸಿಕೊಳ್ಳುವುದಕ್ಕೆ ಮಾತ್ರ. ರಾಜ್ವಾಡೆ ಕರಡು ಓದಿದರು. ಕಾರಣ: ಬಳಕೆದಾರರಿಗೆ ತರಬೇತಿ ಸಾಲದು, ಅಲ್ಲದೆ ಒಬ್ಬ ಗುತ್ತಿಗೆ ಹಮಾಲ ಭದ್ರತಾ ನಿಯಮ ಮುರಿದು ಫೋನ್ ಒಳಗೆ ತಂದು ಗೊಂದಲ ಎಬ್ಬಿಸಿದ. ಯಾರಿಗಾದರೂ ಏನಾದರೂ ಹೇಳುವುದಿದೆಯೇ? ಇಲ್ಲದಿದ್ದರೆ ಮುಗಿಸೋಣ.

ಮುಗಿದರೆ ಮಾಪಣ್ಣ ಕಾಗದದ ಮೇಲೆ ಕಾಯಂ ತಪ್ಪಿತಸ್ಥ. ಅದು ದೇವದಾಸನಿಗೆ ತಿಳಿಯಿತು. ಆದರೆ ಅವನು ಕೈ ಎತ್ತಿದ್ದು ಬರೀ ಅದಕ್ಕಾಗಿ ಎಂದು ನಂಬಬೇಡಿ. ಎದುರಿಗೆ ಪ್ರೇಕ್ಷಾ ಕೂತಿದ್ದಳು, ಹೊಗಳಿಕೆಯ ಮೇಲ್ ಬಂದ ವಾರದ ನೆಮ್ಮದಿಯಲ್ಲಿ. ಆ ನೆಮ್ಮದಿ ಒಡೆಯುವುದನ್ನು ನೋಡುವ ಆಸೆ ಅವನ ಕೈಯನ್ನು ಎತ್ತಿತು. ಮಾಪಣ್ಣ ಅದಕ್ಕೆ ಒಳ್ಳೆಯ ನೆಪವಾದ.

"ತರಬೇತಿ ಅಲ್ಲ" ಎಂದ ಹಿಂದಿಯಲ್ಲಿ, ಎಲ್ಲರಿಗೂ ಕೇಳುವಂತೆ. "ಹಮಾಲರ ಫೋನ್ ಗೇಟಿನಲ್ಲಿ ಇಟ್ಟುಕೊಳ್ಳುತ್ತಾರೆ. ಒಳಗೆ ಬಿಡುವುದೇ ಇಲ್ಲ. ಓಟಿಪಿ ಯಾರಿಗೆ ಹೋಗಬೇಕಿತ್ತು? ಆಫೀಸ್ ಕೋಣೆಯಲ್ಲಿ ದೊಡ್ಡವರ ಫೋನಿನಲ್ಲಿ ಪರೀಕ್ಷೆ ಮಾಡಿ ಪಾಸ್ ಅಂದರು. ಸ್ಕ್ಯಾನರ್ ಹಿಡಿಯುವವನನ್ನು ಒಬ್ಬರೂ ಕೇಳಲಿಲ್ಲ. ಸರ್ವಿಸ್ ಓನರ್ ಕೇಳಬೇಕಿತ್ತು."

ಪರದೆಯ ಮೇಲಿನ ಮ್ಯಾನೇಜರ್ ತನ್ನ ಕಿಸೆ ಮುಟ್ಟಿಕೊಂಡ. ಪ್ರೇಕ್ಷಾಳ ಮುಖ ದೇವದಾಸ್ ಬಯಸಿದ ಹಾಗೆಯೇ ಬಿಳಿಚಿತು. ಅವನು ಅದನ್ನು ಕಣ್ತುಂಬ ನೋಡಿದ. ಆಮೇಲೆ ಅವಳು ಬಾಯಿ ತೆರೆದಳು. ಹಿಂದಿಯಲ್ಲಲ್ಲ, ಇಂಗ್ಲಿಷಿನಲ್ಲಲ್ಲ. ಹಿಂದಿ ಬೆರೆಸದೆ ಎಂದೂ ಆಡದ ಕನ್ನಡದಲ್ಲಿ, ತಡವರಿಸುತ್ತ, ಮೆಲ್ಲಗೆ.

"ದೇವಣ್ಣ, ನಿಮಗೆ ಇದು... ಯಾವಾಗ ಗೊತ್ತಾಯ್ತು? ಸೋಮವಾರ ಆದ ಮೇಲೆ, ಅಲ್ಲವಾ?"

ಆ ಕೋಣೆಯಲ್ಲಿ ಕನ್ನಡ ಬಲ್ಲವರು ಅವರಿಬ್ಬರೇ. ಶುಕ್ರವಾರದ ಚಹಾ ಅವಳಿಗೆ ನೆನಪಿತ್ತು. ಕೇಳಿದ್ದೂ ನೆನಪಿತ್ತು, ಅವನು ಕೊಟ್ಟ ಉತ್ತರವೂ. ಅದನ್ನು ಎಲ್ಲರೆದುರು ಎಳೆದು ತರಬಹುದಿತ್ತು. ಬದಲಿಗೆ ಅವನಿಗೆ ಮಾತ್ರ ಕಾಣುವ ಒಂದು ಬಾಗಿಲು ತೆರೆದು ಹಿಡಿದಿದ್ದಳು. ಹೌದು, ಆಮೇಲೆ ಗೊತ್ತಾಯಿತು ಎಂದರೆ ಸಾಕು. ಅವನ ನೌಕರಿ ಉಳಿಯುತ್ತದೆ, ತಪ್ಪು ಪೂರ್ತಿ ಅವಳ ತಲೆಗೆ ಬರುತ್ತದೆ. ಅವನು ಇಷ್ಟು ದಿನ ಬಯಸಿದ್ದು ಅದನ್ನೇ.

ತಟ್ಟೆಯಲ್ಲಿಟ್ಟು ಕೊಟ್ಟಂತೆ ಅದು ಬಂದಾಗ ದೇವದಾಸನಿಗೆ ಅವಳ ಮೇಲೆ ಎಂದೂ ಬಾರದಷ್ಟು ಹೊಟ್ಟೆ ಉರಿಯಿತು. ಕುರ್ಚಿ, ಕಾರು, ಶಾಲು, ಕಿಟಕಿ ಎಲ್ಲ ಹೋಗಲಿ. ಈ ದೊಡ್ಡತನವೂ ಅವಳದೇ ಆಗಬೇಕೇ? ತನಗೆ ಉಳಿಯುವುದು ಬರೀ ಅದನ್ನು ತೆಗೆದುಕೊಳ್ಳುವ ಸಣ್ಣತನವೇ?

ಅವನು ಕನ್ನಡದಲ್ಲಿ ಉತ್ತರಿಸಲಿಲ್ಲ.

"ಮಳೆಗಾಲದಲ್ಲೇ ಗೊತ್ತಿತ್ತು" ಎಂದ, ಮತ್ತೆ ಹಿಂದಿಯಲ್ಲಿ, ಭಿವಂಡಿಯವನಿಗೂ ಕೇಳುವ ಹಾಗೆ. "ಮಾಪಣ್ಣ ಎಂಬ ಹಮಾಲ ನನಗೆ ಹೇಳಿದ್ದ. ಪಾಸ್ ಕಸಿದುಕೊಂಡದ್ದು ಅವನದನ್ನೇ. ಶುಕ್ರವಾರ ಪ್ರೇಕ್ಷಾ ನನ್ನನ್ನು ಕೇಳಿದಳು. ಏನೂ ಇಲ್ಲ ಎಂದೆ. ಬೇಕೆಂತಲೇ ಹೇಳಲಿಲ್ಲ. ಇದನ್ನು ಬರೆದುಕೊಳ್ಳಿ, ಅವನ ಹೆಸರು ತೆಗೆಯಿರಿ."

"ಯಾಕೆ ಹೇಳಲಿಲ್ಲ?" ರಾಜ್ವಾಡೆ ಕೇಳಿದರು.

"ನನ್ನ ಹೆಸರು ತಿಳಿಸಿದರೆ ಸಾಕು ಎನ್ನುವ ಕಾಲಮ್ಮಿನಲ್ಲಿತ್ತು" ಎಂದ ದೇವದಾಸ್. ಅದು ಉತ್ತರವಲ್ಲ ಎಂದು ಅವನಿಗೇ ಗೊತ್ತಿತ್ತು. ಪ್ರೇಕ್ಷಾಳ ಕಡೆ ತಿರುಗಿ, "ಇವಳ ಮೇಲೆ ಹೊಟ್ಟೆಕಿಚ್ಚಿತ್ತು" ಎಂದ. ಅದನ್ನು ಯಾರೂ ಬರೆದುಕೊಳ್ಳಲಿಲ್ಲ. ಅಂಥದ್ದಕ್ಕೆ ಆ ನಮೂನೆಯಲ್ಲಿ ಜಾಗವಿರಲಿಲ್ಲ.

ಈಗ ದೇವದಾಸ್ ಆ ಡೆಸ್ಕಿನಲ್ಲಿಲ್ಲ. ಮಹಾಪೆಯ ಇನ್ನೊಂದು ಕಟ್ಟಡದಲ್ಲಿ ಹಳೆಯ ಕಂಪ್ಯೂಟರುಗಳ ದಾಸ್ತಾನು ನೋಡಿಕೊಳ್ಳುತ್ತಾನೆ. ಕೆಳಗಿನ ಕುರ್ಚಿ. ಸುದ್ದಿ ಕೇಳಿದ ಬಾಗಿ ಎರಡು ದಿನ ಮಾತು ಬಿಟ್ಟಳು, ಮೂರನೆಯ ದಿನ ಡಬ್ಬಿಗೆ ಮೀನಿನ ಗಸಿ ಹಾಕಿ ಕಳಿಸಿದಳು. ಪ್ರೇಕ್ಷಾ ಇನ್ನೂ ಸರ್ವಿಸ್ ಓನರ್. ಈಚೆಗೆ ಅವಳಿಗೆ ಇನ್ನೂ ಮೇಲಿನ ಹುದ್ದೆಯಂತೆ. ಅದು ಕಿವಿಗೆ ಬಿದ್ದಾಗ ದೇವದಾಸನಿಗೆ ಈಗಲೂ ಎದೆಯಲ್ಲಿ ಚುಳಕ್ ಎನ್ನುತ್ತದೆ. ಒಂದು ಸತ್ಯ ಹೇಳಿದ ಮಾತ್ರಕ್ಕೆ ಹೊಟ್ಟೆಕಿಚ್ಚು ಹೋಗುತ್ತದೆ ಎಂದುಕೊಂಡಿದ್ದರೆ ನಿಮಗೆ ಮನುಷ್ಯರ ಪರಿಚಯ ಸಾಲದು.

ವರದಿಯಿಂದ ಮಾಪಣ್ಣನ ಹೆಸರು ಹೋಯಿತು. ಪಾಸ್ ಮಾತ್ರ ಮರಳಲಿಲ್ಲ. ಪ್ರೇಕ್ಷಾ ಗೋದಾಮಿಗೆ ಬರೆದಳು. ಪಾಸ್ ಭದ್ರತಾ ಏಜೆನ್ಸಿಯ ವಿಷಯ ಎಂದು ಗೋದಾಮು ಉತ್ತರಿಸಿತು. ಹಮಾಲ ಗುತ್ತಿಗೆದಾರನವನು ಎಂದು ಏಜೆನ್ಸಿ. ಗುತ್ತಿಗೆದಾರ ಫೋನೇ ಎತ್ತುವುದಿಲ್ಲ. ದೇವದಾಸ್ ರಜೆ ಹಾಕಿ ಭಿವಂಡಿಯ ಆ ಗೇಟಿಗೆ ಹೋಗಿ ನಿಂತು ಬಂದಿದ್ದಾನೆ, ಕಲ್ಯಾಣಿನ ಚಾಳಿಗೂ ಹೋಗಿದ್ದಾನೆ. ಚಂದ್ರಬಾಯಿ ಹೇಳಿದ ಹಾಗೆಯೇ ಬೈದಳು, ಬೈದು ಚಹಾ ಕೊಟ್ಟಳು. ಮಾಪಣ್ಣ ಈಗ ಕಟ್ಟಡದ ಕೆಲಸಕ್ಕೆ ಕೂಲಿಯವರು ಕಾಯುವ ನಾಕಾದಲ್ಲಿ ನಿಲ್ಲುತ್ತಾನೆ, ಯಾರಾದರೂ ಕರೆದ ದಿನ ಕೆಲಸ.

ಇದನ್ನು ಓದುತ್ತಿರುವ ನೀವು ಗೋದಾಮು ನಡೆಸುವವರಿರಬಹುದು, ಏಜೆನ್ಸಿಯವರಿರಬಹುದು, ಐರೋಲಿಯ ಯಾವುದೋ ಮಾಳಿಗೆಯಲ್ಲಿ ಕೊನೆಯ ಕಾಲಮ್ಮಿನಲ್ಲಿ ಹಲ್ಲು ಕಚ್ಚಿ ಕೂತಿರುವ ಇನ್ನೊಬ್ಬ ದೇವದಾಸ್ ಇರಬಹುದು. ಯಾರದೋ ದಿನದ ಹಾಜರಿ ತಪ್ಪಿಸುವ ಒಂದು ಸಂಗತಿ ನಿಮಗೂ ಗೊತ್ತಿದೆ, ಈ ಕ್ಷಣ ನಿಮ್ಮ ನಾಲಿಗೆಯ ತುದಿಯಲ್ಲೇ ಇದೆ. ಎದುರಿನವರು ನಿಮಗಿಂತ ಎಷ್ಟೇ ಮೇಲೇರಲಿ, ನಿಮ್ಮ ಮಾತನ್ನು ಎಷ್ಟೇ ಕದಿಯಲಿ, ಯಾರಾದರೂ ಬಂದು ಕೇಳಲಿ ಎಂದು ಕಾಯಬೇಡಿ. ಪತ್ರಿಕೆ ಮಡಚಿಡಿ, ಎದ್ದು ಹೋಗಿ, ಇವತ್ತೇ ಹೇಳಿ.